ಗೇಟ್ ನಂಬರ್ 19 ಮತ್ತು ಒಂದು ಅಂಕದ ಓದು

ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಅತಿ ಹೆಚ್ಚು ಹಾಳೆಗಳು ಓದುವವರ ಕೈ ಸೇರುವುದು ಝೆರಾಕ್ಸ್ ಅಂಗಡಿಯಿಂದ. ಗ್ರಂಥಾಲಯ ಆಮೇಲೆ, ಪುಸ್ತಕದ ಅಂಗಡಿ ಅದಕ್ಕೂ ಆಮೇಲೆ. ಯಾವುದಾದರೂ ಹುದ್ದೆಗೆ ಅರ್ಜಿ ಕರೆದ ವಾರ ಬಸ್ ಸ್ಟ್ಯಾಂಡ್ ಕಡೆಯ ಝೆರಾಕ್ಸ್ ಅಂಗಡಿ ಮುಂದೆ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ಹುಡುಗರು ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸುತ್ತಾರೆ. ಅಂಗಡಿಯವನು ಎರಡೂ ಕಡೆ ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಇಟ್ಟು ಕೊಡುತ್ತಾನೆ. ಸಂವಿಧಾನದ ನೋಟ್ಸ್, ಕರ್ನಾಟಕದ ಇತಿಹಾಸ, ಪಂಚಾಯತ್ ರಾಜ್ ಕಾಯ್ದೆ, ಆರು ತಿಂಗಳ ಪ್ರಚಲಿತ ಘಟನೆಗಳು. ಒಂದೊಂದು ಕಟ್ಟು ಇನ್ನೂರು, ಮುನ್ನೂರು ಪುಟ. ಯಾವುದರ ಮೇಲೂ ಬರೆದವರ ಹೆಸರಿಲ್ಲ. ಯಾವ ವರ್ಷದ್ದು ಎಂದು ಕೇಳಿದರೆ "ಟೆಲಿಗ್ರಾಂನ್ಯಾಗ ಬಂದಿತ್ರಿ" ಅನ್ನುತ್ತಾರೆ. ಅಷ್ಟೇ ವಿಳಾಸ.

ನಾನು ಈ ಸೀಮೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಅತಿಥಿ ಉಪನ್ಯಾಸಕ. ಹಾಗಾಗಿ "ಈಗಿನ ಹುಡುಗರು ಓದೋದೇ ಇಲ್ಲ" ಎಂಬ ಮಾತು ನನ್ನ ಕಿವಿಗೆ ಜಾಸ್ತಿ ಬೀಳುತ್ತದೆ. ನವೆಂಬರ್ ಬಂತೆಂದರೆ ಮುಗಿಯಿತು. ರಾಜ್ಯೋತ್ಸವದ ವೇದಿಕೆ ಹತ್ತಿದವರು ಮೊದಲು ಕವಿರಾಜಮಾರ್ಗದ 'ಕುರಿತೋದದೆಯುಂ' ಸಾಲು ಹೇಳುತ್ತಾರೆ. ತಿರುಳ್ಗನ್ನಡದ ಸೀಮೆಯಲ್ಲಿ ಕೊಪಣ, ಅಂದರೆ ನಮ್ಮ ಪಕ್ಕದ ಕೊಪ್ಪಳವೂ ಇತ್ತು ಎಂದು ನೆನಪಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಆಮೇಲೆ ಮೊಬೈಲಿನಿಂದ ಮಕ್ಕಳು ಕೆಟ್ಟರು, ಪುಸ್ತಕ ಮುಟ್ಟುವುದಿಲ್ಲ ಎಂದು ಅರ್ಧ ಗಂಟೆ ನಡೆಯುತ್ತದೆ. ಓದದೆಯೂ ಕಾವ್ಯ ಬಲ್ಲ ಜನ ಎಂದು ಹೊಗಳಿದ ಸಾಲನ್ನೇ ಹೇಳಿ ಓದದವರನ್ನು ಬೈಯುವುದು! ಅಷ್ಟೊತ್ತಿಗೆ ಹಿಂದಿನ ಸಾಲಿನ ಹುಡುಗರು ರೀಲ್ಸ್ ನೋಡುತ್ತಿರುತ್ತಾರೆ, ಅದೂ ಸುಳ್ಳಲ್ಲ.

ಈ ಬೈಗುಳದ ಬಗ್ಗೆ ನನಗೊಂದು ತಕರಾರಿದೆ. ಓದುವುದು ಕಡಿಮೆಯಾಯಿತು ಅನ್ನಬೇಕಾದರೆ ಹಿಂದೆ ಜಾಸ್ತಿ ಇರಬೇಕಲ್ವಾ? ಮೈಸೂರಿನಲ್ಲೋ ಧಾರವಾಡದಲ್ಲೋ ಕೆಲವು ಮನೆಗಳಲ್ಲಿ ಇದ್ದಿರಬಹುದು. ಅಜ್ಜನ ಕಪಾಟು, ಅಜ್ಜಿಯ ಕಾದಂಬರಿ, ವಾರಕ್ಕೊಮ್ಮೆ ಬರುವ ಸುಧಾ. ಆ ನೆನಪುಗಳನ್ನು ಓದಿ ಓದಿ ನಮಗೂ ಅಂಥದ್ದೊಂದು ಕಾಲ ಇತ್ತು ಅನ್ನಿಸಿಬಿಟ್ಟಿದೆ. ನಮ್ಮ ಮನೆಯಲ್ಲಿ ಅಚ್ಚಾದ ಅಕ್ಷರ ಅಂದರೆ ಪಂಚಾಂಗ, ಗೊಬ್ಬರದ ಚೀಲ, ಗೋಡೆಯ ಕ್ಯಾಲೆಂಡರ್ ಮತ್ತು ಕಿರಾಣಿ ಸಾಮಾನು ಕಟ್ಟಿಕೊಟ್ಟ ಪೇಪರ್. ಓಣಿಯಲ್ಲಿ ಉಳಿದ ಮನೆಗಳೂ ಹೆಚ್ಚು ಕಡಿಮೆ ಹಾಗೆಯೇ.

ಇದಕ್ಕೆ ಕಾರಣ ಸೋಮಾರಿತನವಲ್ಲ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು. ನಮ್ಮ ಅಜ್ಜಂದಿರ ಕಾಲದಲ್ಲಿ ಶಾಲೆಗೆ ಹೋದವರು ಕಲಿತದ್ದು ಉರ್ದು. ಹೋದವರೂ ಎಷ್ಟು ಜನ? 2011ರ ಜನಗಣತಿಯಲ್ಲೂ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56. ರಾಜ್ಯದ ಲೆಕ್ಕ ಶೇ 75.36. ನಮಗಿಂತ ಕೆಳಗೆ ಯಾದಗಿರಿ ಒಂದೇ. ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಓದು ಬರಹ ಬರುತ್ತಿತ್ತು. ಇವತ್ತು ನನ್ನ ತರಗತಿಯಲ್ಲಿ ಕೂತವರ ಅವ್ವಂದಿರು ಆ ಲೆಕ್ಕದೊಳಗಿದ್ದಾರೆ. ಹಾಜರಿ ಕಡಿಮೆಯಾಗಿ ಪೋಷಕರನ್ನು ಕರೆಸಿದಾಗ ಇವತ್ತಿಗೂ ಎಷ್ಟೋ ಅವ್ವಂದಿರು ಹೆಬ್ಬೆಟ್ಟು ಒತ್ತುತ್ತಾರೆ. ಅಂಥ ಮನೆಯಿಂದ ಬಂದ ಹುಡುಗಿ ಮುನ್ನೂರು ಪುಟದ ಕಟ್ಟು ಬಗಲಲ್ಲಿ ಹಿಡಿದು ಬಸ್ ಹತ್ತುತ್ತಾಳೆ. ಅವಳ ಮನೆತನದ ಲೆಕ್ಕದಲ್ಲಿ ಓದು ಕಡಿಮೆಯಾಗುತ್ತಿಲ್ಲ. ಈಗಷ್ಟೇ ಶುರುವಾಗಿದೆ. ಶುರುವಾದದ್ದು ಎಂಥ ಓದು ಅನ್ನುವುದು ನನ್ನ ತಲೆ ತಿನ್ನುವ ವಿಷಯ.

ಅದಕ್ಕೆ ಬರುವ ಮುಂಚೆ ಕಿವಿಯ ಬಗ್ಗೆ ಎರಡು ಮಾತು. ನಮ್ಮದು ಮೊದಲಿನಿಂದಲೂ ಕೇಳುವ ಸೀಮೆ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ ನಮ್ಮ ಜಿಲ್ಲೆಯಲ್ಲೇ ಇವೆ. ಅವರ ಪದಗಳನ್ನು ಜನ ಪುಸ್ತಕ ಹಿಡಿದು ಕಲಿಯಲಿಲ್ಲ. ಮೊಹರಂ ಬಂದರೆ ಮುದಗಲ್ಲ ಕಡೆ ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುತ್ತಾರೆ. ಹಾಡುವವರಲ್ಲಿ ಎಷ್ಟೋ ಜನರಿಗೆ ಅಕ್ಷರ ಬಾರದು, ಪದ ಮಾತ್ರ ರಾತ್ರಿಯಿಡೀ ಬರುತ್ತದೆ. ದೊಡ್ಡಾಟದ ಮಾತು, ಶ್ರಾವಣದ ಪುರಾಣ, ಮಠದ ಪ್ರವಚನ ಎಲ್ಲವೂ ಕಿವಿಯ ದಾರಿಯಲ್ಲೇ ಬಂದವು. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿಯಲ್ಲಿ ತೀರಿಕೊಂಡರು. ಅವರ ಪ್ರವಚನವನ್ನು ನನ್ನ ವಿದ್ಯಾರ್ಥಿಗಳು ಇವತ್ತಿಗೂ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾರೆ. ಒಂದು ನಿಮಿಷದ ತುಣುಕನ್ನು ಸ್ಟೇಟಸ್‌ಗೆ ಇಡುತ್ತಾರೆ. ಕೊಪ್ಪಳದ ಗವಿಮಠದ ಸ್ವಾಮೀಜಿಗಳ ಮಾತಿಗೂ ಹಾಗೆಯೇ ಗಿರಾಕಿಗಳಿದ್ದಾರೆ. ಇವರನ್ನೆಲ್ಲ "ಮೊಬೈಲ್ ಹುಚ್ಚರು" ಎಂದು ಒಂದೇ ಪಟ್ಟಿಗೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ.

ಭಾಷೆಯ ಸಂಗತಿಯೂ ಇದೆ. ತುಂಗಭದ್ರಾ ಜಲಾಶಯ 1953ರಲ್ಲಿ ಆದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದು ಇಲ್ಲಿ ಕ್ಯಾಂಪ್ ಎಂದು ಕರೆಯುವ ಊರುಗಳನ್ನು ಕಟ್ಟಿಕೊಂಡರು. ಕ್ಯಾಂಪಿನ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಕಾಲೇಜಿನಲ್ಲಿ ಕನ್ನಡದಲ್ಲಿ ಬರೆಯುತ್ತಾರೆ, ಸಂಜೆ ತೆಲುಗು ಸಿನಿಮಾ ನೋಡುತ್ತಾರೆ. ಮುಸ್ಲಿಂ ಹುಡುಗರ ಮನೆಮಾತು ದಖನಿ, ಮೊಬೈಲಿನಲ್ಲಿ ಓಡುವುದು ಹಿಂದಿ. ಲಿಂಗಸುಗೂರು ಕಡೆಯ ತಾಂಡಾದಿಂದ ಬರುವವರಿಗೆ ಲಂಬಾಣಿ ಹಾಡಿನ ಚಾನೆಲ್‌ಗಳಿವೆ. ಇವರಿಗೆಲ್ಲ ಓದುವ ಭಾಷೆ ಒಂದು, ನಗುವ ಭಾಷೆ ಇನ್ನೊಂದು. ಅಪ್ಪಟ ಕನ್ನಡದ ಮನೆಯವರ ಪಾಡೂ ಬೇರೆಯಲ್ಲ. ಅವರಾಡುವ ಮಾತು ಪಠ್ಯಪುಸ್ತಕದಲ್ಲಿ ಎಲ್ಲಿದೆ? "ಹೋಗಾಕತ್ತೀನಿ", "ಬರಾಕತ್ತಾನ" ಅನ್ನುವ ಹುಡುಗನಿಗೆ ಅಚ್ಚಿನ ಕನ್ನಡ ಯಾವಾಗಲೂ ಪರವೂರಿನ ನೆಂಟ. ಯೂಟ್ಯೂಬಿನಲ್ಲಿ ನಮ್ಮ ಕಡೆಯ ಹುಡುಗರು ಹೊಲದ ಬದುವಿನಲ್ಲಿ ನಿಂತು ಮಾಡುವ ಕಾಮಿಡಿ ವಿಡಿಯೊಗಳಲ್ಲಿ ಅವನ ಮಾತು ಅವನಿಗೆ ಹಾಗೆ ಹಾಗೆಯೇ ಸಿಗುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಒಂದು ವಾರ ಸಪ್ಪಗಿದ್ದರು. ಆಮೇಲೆ ಎಲ್ಲರೂ ರೀಲ್ಸ್‌ಗೆ ಹೋದರು. ಈ ಕಥೆ ಎಲ್ಲ ಊರಿನದ್ದೂ ಹೌದು, ಹೆಚ್ಚು ಹೇಳುವುದೇನಿಲ್ಲ.

ಓದಿನ ವಿಚಾರದಲ್ಲಿ ನನಗೆ ನಿಜವಾಗಿ ಆಶ್ಚರ್ಯ ತಂದವರು ಹುಡುಗಿಯರು. ಗ್ರಂಥಾಲಯದ ರಿಜಿಸ್ಟರ್ ತಿರುವಿ ಹಾಕಿದರೆ ಅವರ ಸಹಿಗಳೇ ಜಾಸ್ತಿ. ಯಾಕೆ ಎಂದು ಒಬ್ಬಳನ್ನು ಕೇಳಿದೆ. "ಫೋನ್ ಅಣ್ಣನ ಕೈಯಾಗಿರ್ತೈತ್ರಿ ಸರ್. ರಾತ್ರಿ ಹತ್ತರ ಮ್ಯಾಲ ಕೊಟ್ರ ಕೊಟ್ಟ" ಅಂದಳು. ಇದು ನಮ್ಮೂರಿನ ಕಥೆ ಮಾತ್ರವಲ್ಲ. ದೇಶದ ಹಳ್ಳಿಗಳಲ್ಲಿ ನಡೆಯುವ 2024ರ ಅಸರ್ ಸಮೀಕ್ಷೆ 14ರಿಂದ 16 ವಯಸ್ಸಿನ ಮಕ್ಕಳನ್ನು ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುವವರು ಶೇ 82ಕ್ಕೂ ಹೆಚ್ಚು. ಅವರಲ್ಲಿ ಸ್ವಂತ ಫೋನ್ ಇರುವ ಹುಡುಗರು ಸುಮಾರು ಶೇ 36, ಹುಡುಗಿಯರು ಸುಮಾರು ಶೇ 27. ಡಿಗ್ರಿಗೆ ಬರುವ ಹೊತ್ತಿಗೆ ಈ ಅಂತರ ಮುಚ್ಚುತ್ತದೆ ಅಂದುಕೊಂಡಿದ್ದರೆ, ನಮ್ಮ ಕಡೆ ಅಷ್ಟು ಬೇಗ ಮುಚ್ಚುವುದಿಲ್ಲ.

ಆ ಫೋನ್ ಸಿಕ್ಕ ಅರ್ಧ ಗಂಟೆಯಲ್ಲಿ ಅವರು ಮಾಡುವುದೇನು? ಬಹಳ ಜನ ಪ್ರತಿಲಿಪಿ ತೆರೆಯುತ್ತಾರೆ. ಬೆಂಗಳೂರಿನಿಂದ 2014ರಲ್ಲಿ ಶುರುವಾದ ಆ್ಯಪ್ ಅದು. ಯಾರು ಬೇಕಾದರೂ ಕಥೆ ಬರೆಯಬಹುದು, ಯಾರು ಬೇಕಾದರೂ ಓದಬಹುದು. ಧಾರಾವಾಹಿಗಳೇ ಅಲ್ಲಿ ಜಾಸ್ತಿ. ಅತ್ತೆ ಮನೆ, ಒಲ್ಲದ ಮದುವೆ, ಕೋಪಿಷ್ಠ ಗಂಡ, ಅವನ ಮನಸ್ಸು ಕರಗುವ ಐವತ್ತನೇ ಕಂತು. ನನ್ನ ಸಹೋದ್ಯೋಗಿಗಳು ಇದನ್ನು ಓದು ಎಂದು ಒಪ್ಪುವುದಿಲ್ಲ. "ಅದೆಲ್ಲ ಸೀರಿಯಲ್ ಮಾರಾಯ್ರೆ" ಅನ್ನುತ್ತಾರೆ. ನಾನು ಒಂದಷ್ಟು ಓದಿ ನೋಡಿದೆ. ಕಾಗುಣಿತ ತಪ್ಪು, ಒಂದೇ ಅಳು ಹತ್ತು ಸಲ. ಒಪ್ಪುತ್ತೇನೆ. ಆದರೆ ನೂರು ಕಂತಿನ ಕಥೆಯನ್ನು ಬಿಡದೆ ಹಿಂಬಾಲಿಸಿ, ಹಿಂದಿನ ಕಂತಿನಲ್ಲಿ ನಾದಿನಿ ಏನಂದಳು ಎಂದು ನೆನಪಿಟ್ಟು, ಲೇಖಕಿಗೆ "ಈ ಪಾತ್ರ ಹೀಗೆ ಮಾಡಬಾರದಿತ್ತು" ಎಂದು ಬರೆಯುವುದು ಓದಲ್ಲದೆ ಮತ್ತೇನು? ನಾನು ಪಾಠ ಮಾಡುವ ಕಾದಂಬರಿಯ ಬಗ್ಗೆ ಇಷ್ಟು ಜಗಳ ಆಡಿದವರನ್ನು ತರಗತಿಯಲ್ಲಿ ಕಂಡಿಲ್ಲ. ಅಂಕಕ್ಕಾಗಿ ಅಲ್ಲದೆ ನನ್ನ ವಿದ್ಯಾರ್ಥಿಗಳು ಓದುವ ಉದ್ದನೆಯ ಕನ್ನಡ ಬರಹ ಸದ್ಯಕ್ಕೆ ಇದೊಂದೇ. ಇಷ್ಟವಾಗಲಿ, ಬಿಡಲಿ.

ಹುಡುಗರಿಗೆ ಆ ಬಿಡುವೂ ಇಲ್ಲ. ಅವರದ್ದು ನೌಕರಿಯ ಓದು.

ಮೊದಲ ವರ್ಷದ ಡಿಗ್ರಿಗೆ ಸೇರಿದ ಹುಡುಗನನ್ನು ಮುಂದೇನು ಎಂದು ಕೇಳಿ. ಪಿಸಿ, ಪಿಎಸ್‌ಐ, ಪಿಡಿಒ, ಎಫ್‌ಡಿಎ, ವಿಎಒ. ಪೊಲೀಸ್ ಪೇದೆ, ಸಬ್ ಇನ್‌ಸ್ಪೆಕ್ಟರ್, ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಪ್ರಥಮ ದರ್ಜೆ ಸಹಾಯಕ, ಗ್ರಾಮ ಆಡಳಿತಾಧಿಕಾರಿ. ಈ ಅಕ್ಷರಗಳೇ ಉತ್ತರ. ಕಾರ್ಖಾನೆ ಇಲ್ಲ, ಕಂಪನಿ ಇಲ್ಲ, ಹೊಲ ಪಾಲಾಗಿದೆ, ಬೆಂಗಳೂರಿಗೆ ಗುಳೆ ಹೋದವರ ಪಾಡು ಕಣ್ಣೆದುರಿಗಿದೆ. ಸರ್ಕಾರಿ ನೌಕರಿ ಬಿಟ್ಟರೆ ಮೇಲೆ ಬರುವ ಮೆಟ್ಟಿಲು ಕಾಣುವುದಿಲ್ಲ. ಸಂವಿಧಾನದ 371ಜೆ ಕಲಂ ಬಂದ ಮೇಲೆ ನಮ್ಮ ಭಾಗದವರಿಗೆ ಹುದ್ದೆಗಳಲ್ಲಿ ಮೀಸಲಾತಿ ಸಿಕ್ಕಿದೆ. 2012ರ ತಿದ್ದುಪಡಿ ಅದು. ಆಸೆ ಇನ್ನಷ್ಟು ಹತ್ತಿರವಾಯಿತು. "ಹೈ-ಕ ಸರ್ಟಿಫಿಕೇಟ್ ಐತ್ರಿ ಸರ್, ಒಂದು ಕೈ ನೋಡೋದೈತಿ" ಎನ್ನುವವರು ತರಗತಿಗೆ ಹತ್ತು ಜನ ಸಿಗುತ್ತಾರೆ. ಹೈ-ಕ ಅಂದರೆ ಹೈದರಾಬಾದ್ ಕರ್ನಾಟಕ. ಸರ್ಕಾರ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರು ಬದಲಿಸಿದರೂ ಹುಡುಗರ ಬಾಯಲ್ಲಿ ಅದು ಇನ್ನೂ ಹೈ-ಕ ಸರ್ಟಿಫಿಕೇಟೇ.

ಇವರ ಓದಿನ ಶ್ರಮ ನೋಡಿದವರು ಓದುವುದಿಲ್ಲ ಎಂದು ಹೇಳಲಾರರು. ಬೆಳಗ್ಗೆ ಐದಕ್ಕೆ ಎದ್ದು ಮೈದಾನದಲ್ಲಿ ಓಟ, ಅದು ಪಿಸಿ ಫಿಸಿಕಲ್‌ಗೆ. ಆಮೇಲೆ ಒಗ್ಗರಣಿ ಮಿರ್ಚಿ ಹೋಟೆಲಿನಲ್ಲಿ ಪೇಪರ್. ಹೋಟೆಲಿನ ಒಂದು ಪ್ರಜಾವಾಣಿ ನಾಲ್ಕು ಹೋಳಾಗಿ ನಾಲ್ಕು ಟೇಬಲ್ ಮೇಲಿರುತ್ತದೆ. ರಾಯಚೂರಿನ ಸುದ್ದಿಮೂಲ ಇನ್ನೊಂದು ಕಡೆ. ಎಣ್ಣೆ ಕೈ ಒರೆಸಿಕೊಂಡು ಜೇಬಿನ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಯಾರು ಯಾವ ಆಯೋಗದ ಅಧ್ಯಕ್ಷರಾದರು, ಯಾವ ದೇಶದ ಜೊತೆ ಯಾವ ಹೆಸರಿನ ಸಮರಾಭ್ಯಾಸ ನಡೆಯಿತು, ಯಾರಿಗೆ ಪ್ರಶಸ್ತಿ ಬಂತು. ಡಿಗ್ರಿ ಮುಗಿಸಿದವರು ಎಂಟನೇ ತರಗತಿಯ ಸಮಾಜ ವಿಜ್ಞಾನದ ಪುಸ್ತಕ ಹುಡುಕಿ ತಂದು ಗೆರೆ ಎಳೆಯುತ್ತಾ ಓದುತ್ತಾರೆ. ಆರರಿಂದ ಹತ್ತರವರೆಗಿನ ಸರ್ಕಾರಿ ಪಠ್ಯಪುಸ್ತಕಗಳೇ ಈ ಪರೀಕ್ಷೆಗಳಿಗೆ ಬುನಾದಿ. ಶಾಲೆಯಲ್ಲಿ ಪುಕ್ಕಟೆ ಸಿಕ್ಕಾಗ ಯಾರೂ ತೆರೆಯದ ಪುಸ್ತಕ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ದುಡ್ಡು ಕೊಟ್ಟು ಸಿಗಬೇಕು.

ಸ್ವಲ್ಪ ಅನುಕೂಲ ಇದ್ದವರು ಧಾರವಾಡಕ್ಕೆ ಹೋಗುತ್ತಾರೆ. ಸಪ್ತಾಪುರದ ಸುತ್ತ ರೂಮು, ಮೆಸ್, ಕೋಚಿಂಗ್. ಅಲ್ಲಿಂದ ಬಂದ ಒಂದು ಪದ್ಧತಿ ಈಗ ತಾಲೂಕು ಊರುಗಳಿಗೂ ಹಬ್ಬಿದೆ. ತಿಂಗಳಿಗಿಷ್ಟು ಎಂದು ದುಡ್ಡು ಕೊಟ್ಟರೆ ಒಂದು ಕುರ್ಚಿ, ಮರದ ಅಡ್ಡಗೋಡೆ ಇಟ್ಟ ಒಂದು ಮೇಜು, ಲೈಟು, ವೈಫೈ. ಬೋರ್ಡಿನ ಮೇಲೆ ಲೈಬ್ರರಿ ಎಂದಿರುತ್ತದೆ. ಒಳಗೆ ಒಂದೂ ಪುಸ್ತಕವಿಲ್ಲ. ನೋಡಿ ನಗು ಬಂತು, ಆಮೇಲೆ ಒಳಗೆ ಕೂತವರ ಮುಖ ನೋಡಿ ನಗು ನಿಂತಿತು. ಹೊರಗೆ 42 ಡಿಗ್ರಿ ಬಿಸಿಲು, ಮನೆಯಲ್ಲಿ ಒಂದೇ ಕೋಣೆ, ಟಿವಿ ಸದ್ದು. ಅವರು ದುಡ್ಡು ಕೊಡುತ್ತಿರುವುದು ನೆರಳಿಗೆ ಮತ್ತು ಸದ್ದಿಲ್ಲದ ಜಾಗಕ್ಕೆ.

ಇಷ್ಟೆಲ್ಲ ಮಾಡಿದ ಮೇಲೆ ಪರೀಕ್ಷೆಯಾದರೂ ನೆಟ್ಟಗೆ ನಡೆಯಬೇಕಲ್ಲ? 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮ ಬಯಲಾಗಿ ರದ್ದಾಯಿತು. ಮತ್ತೆ ಬರೆಯಲು ಸಿಕ್ಕಿದ್ದು 2024ರ ಜನವರಿಯಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಪಿಡಿಒ ಪರೀಕ್ಷೆಯ ದಿನ ನಮ್ಮ ಸಿಂಧನೂರಿನಲ್ಲೇ ಅಭ್ಯರ್ಥಿಗಳು ಪ್ರಶ್ನೆಪತ್ರಿಕೆಯ ವಿಚಾರಕ್ಕೆ ರಸ್ತೆಗಿಳಿದರು. ವರ್ಷಗಟ್ಟಲೆ ಒಂದೇ ಕಟ್ಟನ್ನು ಓದುತ್ತಾ ಕೂತವರಿಗೆ ಕಥೆ ಓದಿ, ಕವಿತೆ ಓದಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹೇಳಿದರೂ ಬರುವ ಪ್ರಶ್ನೆ ಒಂದೇ. "ಎಕ್ಸಾಮಿಗೆ ಬರ್ತೈತೇನ್ರಿ ಸರ್?"

ಈ ಓದು ಏನು ಮಾಡುತ್ತದೆ ಅನ್ನುವುದು ನನಗೆ ಗೇಟ್ ನಂಬರ್ 19ರಿಂದ ಅರ್ಥವಾಯಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ನದಿಗೆ ಬಿಡಬೇಕಾಯಿತು. ಇಲ್ಲಿಯವರಿಗೆ ಅದು ಬರೀ ಸುದ್ದಿಯಲ್ಲ. ಎಡದಂಡೆ ನಾಲೆ ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಕಡೆ ಹೋಗುತ್ತದೆ. ನದಿಗೆ ಹೋದ ಒಂದೊಂದು ಟಿಎಂಸಿ ಎರಡನೇ ಬೆಳೆಯ ನೀರು. ಆ ವಾರ ಹೋಟೆಲ್, ಕಟಿಂಗ್ ಶಾಪ್, ಬಸ್ಸು ಎಲ್ಲೆಡೆ ಅದೇ ಮಾತು. ವಿದ್ಯಾರ್ಥಿಗಳ ಸ್ಟೇಟಸ್ ತುಂಬ ನೀರೇ ನೀರು. ಯಾವುದೋ ಬೇರೆ ಡ್ಯಾಮಿನ ವಿಡಿಯೊಗಳೂ ಟಿಬಿ ಡ್ಯಾಮ್ ಒಡೆಯಿತು ಎಂಬ ಹೆಸರಿನಲ್ಲಿ ಓಡಾಡಿದವು. ನದಿ ದಂಡೆಯ ಹಳ್ಳಿಯವಳೊಬ್ಬಳು ರಾತ್ರಿಯಿಡೀ ಮಲಗಿಲ್ಲ ಎಂದಳು. ಕಡೆಗೆ ಗೇಟುಗಳ ಪರಿಣತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿದರು. ಒಂದು ವಾರದಲ್ಲಿ ಕೆಲಸ ಮುಗಿಯಿತು. ಮತ್ತೆ ಮಳೆಯಾಗಿ ಜಲಾಶಯ ತುಂಬಿದಾಗ ಎಲ್ಲರೂ ಉಸಿರು ಬಿಟ್ಟರು.

ಸ್ವಲ್ಪ ದಿನಕ್ಕೆ ಝೆರಾಕ್ಸ್ ಅಂಗಡಿಗೆ ಹೊಸ ಪಿಡಿಎಫ್ ಬಂತು. ಅದರಲ್ಲಿ ಈ ಘಟನೆಯೂ ಇತ್ತು. ಇತ್ತೀಚೆಗೆ ಕೊಚ್ಚಿಹೋದ ತುಂಗಭದ್ರಾ ಜಲಾಶಯದ ಗೇಟಿನ ಸಂಖ್ಯೆ ಎಷ್ಟು? ಜಲಾಶಯದ ಒಟ್ಟು ಗೇಟುಗಳೆಷ್ಟು? ದುರಸ್ತಿಯ ನೇತೃತ್ವ ವಹಿಸಿದ ತಜ್ಞರು ಯಾರು? ನಾನು ತರಗತಿಯಲ್ಲಿ ಕೇಳಿದೆ. ಫಟಾಫಟ್ ಉತ್ತರ ಬಂತು. 19, 33, ಕನ್ನಯ್ಯ ನಾಯ್ಡು. ಸರಿ, ಚೈನ್ ಯಾಕೆ ತುಂಡಾಯಿತು? ಎಪ್ಪತ್ತು ವರ್ಷದ ಗೇಟನ್ನು ನೋಡಿಕೊಳ್ಳಬೇಕಾದವರು ಯಾರು? ನಿಮ್ಮ ಹೊಲಕ್ಕೆ ಆ ವರ್ಷ ನೀರು ಬಂತಾ? ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

"ಸರ್, ಆಪ್ಷನ್ ಕೊಡ್ರಿ, ಹೇಳ್ತೀನಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನೇನು ತಮಾಷೆಗೆ ಹೇಳಿದ್ದಲ್ಲ. ಅವನ ಅಪ್ಪ ನಾಲೆಯ ಕೊನೆ ಭಾಗದ ರೈತ. ನೀರು ಬರುತ್ತದೋ ಇಲ್ಲವೋ ಎಂದು ರಾತ್ರಿ ತೂಬಿನ ಹತ್ತಿರ ಕಾಯುವವನು. ಆ ಮನೆಯ ಹುಡುಗನ ತಲೆಯಲ್ಲಿ ಅಪ್ಪನ ಭತ್ತ ಒಂದು ಕಡೆ, ಗೇಟ್ ನಂಬರ್ 19 ಇನ್ನೊಂದು ಕಡೆ ಇದ್ದವು. ಎರಡರ ನಡುವೆ ದಾರಿಯೇ ಇರಲಿಲ್ಲ. ಪೇಪರನ್ನು ಅವನು ದಿನಾ ಓದುತ್ತಾನೆ, ನನಗಿಂತ ಜಾಸ್ತಿಯೇ ಓದುತ್ತಾನೆ. ಓದಿ ಒಂದು ಅಂಕದ ಕಾಳು ಆರಿಸಿಕೊಂಡು ಉಳಿದದ್ದನ್ನು ಹೊಟ್ಟಿನಂತೆ ತೂರಿಬಿಡುತ್ತಾನೆ. ಯಾಕೆ, ಹೇಗೆ, ಯಾರ ಹೊಣೆ, ಇವೆಲ್ಲ ಆ ಹೊಟ್ಟಿನಲ್ಲಿ ಹೋಗುತ್ತವೆ.

ರೀಲ್ಸ್ ನೋಡುವವರಿಗಿಂತ ಇಂಥ ಓದುಗರ ಬಗ್ಗೆ ನನಗೆ ಚಿಂತೆ ಜಾಸ್ತಿ. ರೀಲ್ಸ್ ನೋಡುವವನಿಗೆ ತಾನು ಟೈಂಪಾಸ್ ಮಾಡುತ್ತಿದ್ದೇನೆ ಎಂದು ಗೊತ್ತಿರುತ್ತದೆ. ಇವನಿಗೆ ತಾನು ಓದುತ್ತಿದ್ದೇನೆ ಎಂಬ ನಂಬಿಕೆ. ಅವನ ಅಪ್ಪ, ಅವ್ವ, ನಾವು ಮೇಷ್ಟ್ರು ಎಲ್ಲರೂ ಅದನ್ನೇ ಓದು ಎಂದು ಬೆನ್ನು ತಟ್ಟುತ್ತೇವೆ. ಪ್ರಶ್ನೆಪತ್ರಿಕೆ ತೆಗೆಯುವವರು ಬೇರೆ ಥರ ಕೇಳುವವರೆಗೆ ಹುಡುಗರು ಬೇರೆ ಥರ ಓದಲಿ ಎಂದು ಬಯಸುವುದು ಅನ್ಯಾಯ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಅನುಮಾನ ಪಡುವುದೂ ನಷ್ಟವೇ.

ಗ್ರಂಥಾಲಯದ ಮಾತು ಬಿಟ್ಟರೆ ಲೇಖನ ಅರ್ಧವಾಗುತ್ತದೆ. ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 1965ರಲ್ಲೇ ಕರ್ನಾಟಕಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದೆ. ಊರಿನವರು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಶೇ 6 ಸೇರಿರುತ್ತದೆ. ರಸೀದಿ ನೋಡದವರಿಗೆ ಇದು ಗೊತ್ತೇ ಇರುವುದಿಲ್ಲ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ ನವೆಂಬರ್‌ನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಗಿ ಶಾಲಾ ಮಕ್ಕಳನ್ನು ಪುಕ್ಕಟೆ ಸದಸ್ಯರನ್ನಾಗಿ ಮಾಡಿಕೊಂಡರು. ಅನೇಕ ಕಡೆ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು. ನಾನು ನೋಡಿದ ಕೆಲವು ಚೆನ್ನಾಗಿವೆ. ಕೆಲವಕ್ಕೆ ಬೀಗದ ಮೇಲೆ ಧೂಳು. ಚೆನ್ನಾಗಿರುವ ಕಡೆ ಕಾರಣ ಒಂದೇ. ಅಲ್ಲಿಯ ಮೇಲ್ವಿಚಾರಕಿಯೋ ಮೇಲ್ವಿಚಾರಕನೋ ಮಕ್ಕಳನ್ನು ಹೆಸರು ಹಿಡಿದು ಕರೆಯುವವರು.

ಅಲ್ಲಿಗೂ ನೌಕರಿಯ ಹುಡುಗರು ಬರುತ್ತಾರೆ. ತಮ್ಮ ಝೆರಾಕ್ಸ್ ಕಟ್ಟು ತಾವೇ ತರುತ್ತಾರೆ. ಬೇಕಾಗಿರುವುದು ಫ್ಯಾನ್ ಮತ್ತು ಕುರ್ಚಿ. ಬೆನ್ನ ಹಿಂದಿನ ಕಪಾಟಿನಲ್ಲಿ ಸಾವಿರ ಪುಸ್ತಕ ಇರುತ್ತವೆ, ಒಬ್ಬನೂ ತಿರುಗಿ ನೋಡುವುದಿಲ್ಲ. ನಾನಾದರೆ ಆ ಕಪಾಟನ್ನು ಅವರ ಎದುರಿಗೆ ಇಡುತ್ತೇನೆ, ಫ್ಯಾನಿನ ಕೆಳಗೆ. ಕರೆಂಟ್ ಹೋದಾಗ, ಮೊಬೈಲ್ ಚಾರ್ಜ್ ಮುಗಿದಾಗ ಕೈ ಎಲ್ಲಾದರೂ ಹೋಗಲೇಬೇಕಲ್ಲ. ಇನ್ನೊಂದು, ಸಮಯ. ಕೊನೆಯ ಬಸ್ಸಿಗೆ ಇನ್ನೂ ಎರಡು ಗಂಟೆ ಇರುವಾಗ ಕಾಲೇಜುಗಳ ಗ್ರಂಥಾಲಯಕ್ಕೆ ಬೀಗ ಬೀಳುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ದೂರದ ಹಳ್ಳಿಯವರೂ ದಿನಾ ಬಂದು ಹೋಗುತ್ತಾರೆ. ಬಸ್ಸಿಗೆ ಕಾಯುವ ಆ ಎರಡು ಗಂಟೆಯನ್ನು ಅವರು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ, ಎಲ್ಲರ ಕಣ್ಣು ತಪ್ಪಿಸುತ್ತಾ ಕಳೆಯುತ್ತಾರೆ. ಆರೂವರೆವರೆಗೆ ಒಂದು ಕೋಣೆ ತೆರೆದಿಡಲು ಯಾವ ಯೋಜನೆಯೂ ಬೇಡ, ಒಬ್ಬ ಮನುಷ್ಯ ಸಾಕು.

ಕಳೆದ ಸೆಮಿಸ್ಟರ್‌ನಲ್ಲಿ ಅಸೈನ್‌ಮೆಂಟ್ ಬದಲಿಸಿದೆ. ಕವಿಯ ಜೀವನ ಮತ್ತು ಕೃತಿ ಎಂದು ಕೊಟ್ಟರೆ ಎಲ್ಲರದ್ದೂ ಒಂದೇ ಗೈಡಿನ ನಕಲು. ಈಗ ಎಐಗೆ ಕೇಳಿ ಬರೆಸುವವರೂ ಬಂದಿದ್ದಾರೆ. ಕೈಬರಹ ಮಾತ್ರ ಅವರದ್ದು. ಅದಕ್ಕೆ ಹೀಗೆ ಹೇಳಿದೆ. ನಿಮ್ಮ ಊರಿನ ಬಗ್ಗೆ ಪೇಪರಿನಲ್ಲಿ ಬಂದ ಒಂದು ಸುದ್ದಿ ಆರಿಸಿಕೊಳ್ಳಿ, ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಮನೆಯವರನ್ನು ಕೇಳಿ ಬರೆದುಕೊಂಡು ಬನ್ನಿ.

ಬಹಳಷ್ಟು ಜನ ಅರ್ಧ ಪುಟ ಬರೆದರು. ಒಬ್ಬಳು ತನ್ನ ಹಳ್ಳಿಗೆ ಬಸ್ ಬಂದ ಸುದ್ದಿ ತಗೊಂಡು, ಅದು ಬರದಿದ್ದ ವರ್ಷಗಳಲ್ಲಿ ಶಾಲೆ ಬಿಟ್ಟ ಗೆಳತಿಯರ ಬಗ್ಗೆ ಚೆನ್ನಾಗಿ ಬರೆದಳು. ಕೆಲವರು ಎಷ್ಟು ಅಂಕ ಎಂದು ಕೇಳಿ, ಕಡಿಮೆ ಎಂದು ತಿಳಿದು ಬಿಟ್ಟೇ ಬಿಟ್ಟರು. ಆಪ್ಷನ್ ಕೇಳಿದ ಹುಡುಗ ನಾಲ್ಕು ಹಾಳೆ ತಂದ. ಒಂದೂ ಪೂರ್ಣವಿರಾಮ ಇಲ್ಲ. ಅಪ್ಪನ ಜೊತೆ ತೂಬಿನ ಹತ್ತಿರ ಹೋಗಿದ್ದನಂತೆ. ಮೇಲಿನವರು ಪಂಪ್‌ಸೆಟ್ ಹಚ್ಚಿ ನೀರೆತ್ತುವುದು, ಪಾಳಿ ತಪ್ಪುವುದು, ಆ ವರ್ಷ ಯಾರು ಭತ್ತ ಬಿಟ್ಟು ಜೋಳ ಹಾಕಿದರು, ಯಾರು ಸಾಲ ಮಾಡಿದರು, ಎಲ್ಲ ಇತ್ತು. ಗೇಟಿನ ಬಗ್ಗೆ ಮಾತ್ರ ಎರಡೇ ಸಾಲು. "ಅದು ಸರಿಯಾಗಿ ಗೊತ್ತಿಲ್ರಿ, ಆಗಿನ ಪೇಪರ್ ಸಿಗ್ತಾವೇನ್ರಿ?" ಎಂದು ಕೇಳಿದ.

ಹುಡುಕಿದೆವು. ಗ್ರಂಥಾಲಯದ ಹಳೆಯ ಪತ್ರಿಕೆಗಳು ರದ್ದಿಗೆ ಹೋಗಿದ್ದವು. ಹೋಟೆಲಿನವನು ನಕ್ಕ, ಅವನಲ್ಲಿ ಹಳೆ ಪೇಪರ್ ಅಂದರೆ ಮಿರ್ಚಿ ಕಟ್ಟುವುದಕ್ಕೆ. ಕಡೆಗೆ ಸಿಕ್ಕಿದ್ದು ಪಿಡಿಒ ಪರೀಕ್ಷೆಗೆ ಓದುತ್ತಿರುವ ಅವನ ಗೆಳೆಯನ ಮೊಬೈಲಿನಲ್ಲಿ. ಅವನು ಎರಡು ವರ್ಷದ ಪತ್ರಿಕೆಗಳ ಪಿಡಿಎಫ್‌ಗಳನ್ನು ತಿಂಗಳವಾರು ಫೋಲ್ಡರ್ ಮಾಡಿ ಇಟ್ಟುಕೊಂಡಿದ್ದ. 2024ರ ಆಗಸ್ಟ್ ಪೂರ್ತಿ ಇತ್ತು. ಆ ವಾರದ ಪುಟಗಳಲ್ಲಿ ಅವನು ಹಳದಿ ಬಣ್ಣ ಹಚ್ಚಿಕೊಂಡದ್ದು 19, 33 ಮತ್ತು ಒಂದು ಹೆಸರು. ಉಳಿದದ್ದನ್ನು ಈಗ ಇಬ್ಬರೂ ಕೂತು ಓದುತ್ತಿದ್ದಾರೆ. ಸ್ಟಾಪ್‌ಲಾಗ್ ಅಂದರೇನು ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿ, ಮುನಿರಾಬಾದ್ ಕಡೆಯ ಒಬ್ಬ ನಿವೃತ್ತ ಎಂಜಿನಿಯರ್ ಹತ್ತಿರ ಕಳಿಸಿದ್ದೇನೆ. ಪಿಡಿಒ ಅರ್ಜಿ ಕರೆದರೆ ಗೆಳೆಯ ನಡುವೆಯೇ ಎದ್ದು ಹೋಗುತ್ತಾನೆ, ಹೋಗಲಿ. ಫೋಲ್ಡರ್ ಅಷ್ಟೊತ್ತಿಗೆ ಇವನ ಮೊಬೈಲಿಗೂ ಬಂದಿರುತ್ತದೆ.